ಸಿಲಿಂಡರ್ ಲೆಕ್ಕ

ಅಡುಗೆಮನೆಯ ಬಾಗಿಲ ಹಿಂದೆ ಪೆನ್ಸಿಲಿನ ತಾರೀಕುಗಳು.
ಹೊಸ ಸಿಲಿಂಡರು ಕೂರಿಸಿದ ದಿನ ಒಂದು ಸಾಲು,
ಪಕ್ಕದಲ್ಲಿ, ಹಳೆಯದು ಎಷ್ಟು ದಿನ ಬಂತೆಂದು.
ಕಾಮಾಕ್ಷಿಪಾಳ್ಯದ ಈ ಎರಡನೇ ಮಹಡಿಗೆ ಬಂದು ಹನ್ನೊಂದು ವರ್ಷ.
"ಗ್ಯಾಸಿಗೂ ಜಾತಕ ಬರೀತೀಯಲ್ಲೇ" ಅಂತ ಇವರು ನಗುತ್ತಿದ್ದರು,
ಪೀಣ್ಯದಿಂದ ಬಂದು, ಕೈಯ ಗ್ರೀಸು ತೊಳೆಯುತ್ತ.

ನಗಲಿ. ಸೋಪೂ ಅಷ್ಟೆ ನಮ್ಮಲ್ಲಿ:
ಸವೆದ ಚೂರನ್ನು ಹೊಸದರ ಬೆನ್ನಿಗೆ ಒತ್ತಿಬಿಟ್ಟರೆ
ಮಂಗನ ಮರಿಯ ಹಾಗೆ ಕಚ್ಚಿಕೊಂಡಿರುತ್ತದೆ.
ಹಾಲಿನ ಕವರಿಗೆ ಅರ್ಧ ಲೋಟ ನೀರು ಬಿಟ್ಟು ಕುಲುಕಿದರೆ
ಒಂದು ಗುಟುಕು ಕಾಫಿಯ ಬಣ್ಣವಾದರೂ ಸಿಗುತ್ತದೆ;
ಕವರು ತಂತಿಯ ಮೇಲೆ ಒಣಗಿ, ಕಿಲೋ ಆಗಿ,
ಗುಜರಿಯ ನೂರುಲ್ಲಾನ ತಕ್ಕಡಿಗೆ.
ಮಾರ್ಕೆಟ್ಟಿಗೆ ಹೋಗುವುದು ಏಳೂವರೆಯ ಮೇಲೆ.
ಬಾಡಿದ ಸೊಪ್ಪಿಗೆ ಜಂಬವಿರುವುದಿಲ್ಲ,
ಬಸ್ಸು ಹೇಗೂ ನಮಗೆ ಪುಕ್ಕಟೆ.

ಆದರೆ ಗ್ಯಾಸು ಕಣ್ಣಿಗೆ ಕಾಣದ್ದು.
ಎತ್ತಿ ಅಲ್ಲಾಡಿಸಿದರೂ ಬಾಯಿ ಬಿಡುವುದಿಲ್ಲ.
ಅದಕ್ಕೇ ಬೇಳೆ ರಾತ್ರಿಯೇ ನೆನೆಯಬೇಕು.
ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅಕ್ಕಿ,
ನೆತ್ತಿಯ ಮೇಲೆ ಎರಡು ಆಲೂಗಡ್ಡೆ.
ಒಂದೇ ಉರಿ, ಎರಡು ಸೀಟಿ;
ಮೂರನೆಯದು ಕೂಗುವ ಮೊದಲೇ ಆರಿಸಿದರೆ
ಮಿಕ್ಕಿದ್ದನ್ನು ಹಬೆ ನೋಡಿಕೊಳ್ಳುತ್ತದೆ.

ನಲವತ್ತನಾಲ್ಕು. ನಲವತ್ತಾರು. ನಲವತ್ತೈದು.
ಎದುರುಮನೆ ಚೆನ್ನಬಸಮ್ಮನದು ಮೂವತ್ತು ದಾಟಿದ್ದು ನಾನು ಕಂಡಿಲ್ಲ.

ಒಮ್ಮೆ ಮಾತ್ರ ಹತ್ತೊಂಬತ್ತು.
ತಂಗಿ ರೇಣುಕೆಯ ಬಾಣಂತನ. ಹಂಡೆ ಹಂಡೆ ಬಿಸಿನೀರು,
ಮೂರು ಹೊತ್ತೂ ಒಲೆಯ ಮೇಲೆ ಏನಾದರೊಂದು,
ನಡುರಾತ್ರಿ ಕಾವಲಿ ಕಾಯಿಸಿ
ಕೂಸಿನ ಬಟ್ಟೆ ಅದರ ಮೇಲೆ ಹಿಡಿದು ಒಣಗಿಸಿದ್ದೂ ಉಂಟು.
ಬರೆಯುವಾಗ ಹಲ್ಲು ಕಚ್ಚಿದ್ದೆ; ಪೆನ್ಸಿಲಿನ ಮೊನೆ ಗೋಡೆಯೊಳಗೆ ಇಳಿದಿದೆ.
ಮೊನ್ನೆ ಮೊನ್ನೆ ಆ ಕೂಸೇ ಬಂದು
ಹತ್ತೊಂಬತ್ತರ ಬಾಲಕ್ಕೆ ಒಂದು ಮೀನು ಬಿಡಿಸಿ ಹೋಯಿತು.

ಇನ್ನೊಂದು ಸಾಲು, ಎಪ್ಪತ್ತೊಂದು.
ಚೆನ್ನಬಸಮ್ಮ ಬೆರಗಾಗಿ ಕೇಳಿದ್ದಳು: ಅದೇನು ಉಪಾಯ, ನನಗೂ ಹೇಳು.
ಲೇತು ಇವರ ಎರಡು ಬೆರಳು ಕೊಂಡುಹೋದ ಕಾಲ ಅದು.
ವಿಕ್ಟೋರಿಯಾದ ವರಾಂಡದಲ್ಲಿ ನಾನು, ಬನ್ನು, ಫ್ಲಾಸ್ಕಿನ ಟೀ.
ಮನೆಗೆ ಬಂದ ಮೇಲೂ ಗಂಜಿ, ಅದೂ ಒಂದೇ ಹೊತ್ತು.
ಉಪಾಯ ಹೇಳಲಿಲ್ಲ.
ಉರಿಯದ ಒಲೆಯನ್ನೂ ಉಳಿತಾಯಕ್ಕೇ ಬರೆದುಕೊಂಡೆ,
ಗೋಡೆಯಲ್ಲಿ ಬೇರೆ ಕಾಲಂ ಇರಲಿಲ್ಲ.

ಈಗ ಸುಂಕದಕಟ್ಟೆಗೆ. ಬಾಡಿಗೆ ಒಂದೂವರೆ ಸಾವಿರ ಕಮ್ಮಿ.
ಓನರ್ ಮರಿಸ್ವಾಮಪ್ಪನದು ಒಂದೇ ಮಾತು:
ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಎಂಟೂವರೆ, ಅಡ್ವಾನ್ಸಿನಲ್ಲಿ ಮುರೀತೀನಿ.
ಗೋಡೆ ಶುಚಿಯಾಗಿದ್ದರೆ? ಅಂದೆ.
ತಲೆ ಕೆರೆದುಕೊಂಡ. ಒಂದೂ ಕಲೆ ಇಲ್ಲದಿದ್ದರೆ, ನೋಡೋಣ, ಅರ್ಧ.

ಒದ್ದೆ ಬಟ್ಟೆ, ಚಿಟಿಕೆ ಸೋಡ. ಕೂತೆ.
ಎಪ್ಪತ್ತೊಂದನ್ನು ಎಲ್ಲಕ್ಕಿಂತ ಮೊದಲು ಒರೆಸಿದೆ.
ಆಮೇಲೆ ನಲವತ್ತುಗಳು, ನನ್ನ ಜಾಣತನಗಳು, ಒಂದೊಂದಾಗಿ
ಬೂದಿಬಣ್ಣದ ನೀರಾಗಿ ಮೊಣಕೈಗೆ ಇಳಿದವು.
ಹತ್ತೊಂಬತ್ತರ ಹತ್ತಿರ ಬಟ್ಟೆ ಹಿಂಡಿದೆ.
ಮತ್ತೆ ಹಿಂಡಿದೆ.
ಮೀನು ಒಂದೇ ಕಣ್ಣಲ್ಲಿ ನೋಡುತ್ತಿತ್ತು.

ಮರಿಸ್ವಾಮಪ್ಪ ಗೋಡೆಗೆ ಮೂಗು ತಾಗಿಸಿದ.
ಇದೊಂದು ಯಾಕಮ್ಮ ಬಿಟ್ಟೆ?
ಪೂರ್ತಿ ಮುರ್ಕೊಳ್ಳಿ, ಅಂದೆ.

ಬಾಗಿಲಲ್ಲಿ ನಿಂತು ಇವರು ಕೇಳಿಸಿಕೊಂಡರು.
ನಾಲ್ಕು ಸಾವಿರದ ಇನ್ನೂರೈವತ್ತಕ್ಕೆ ಒಂದು ಮೀನು!
ರಸೆಲ್ ಮಾರ್ಕೆಟ್ಟಿನಲ್ಲೂ ಈ ರೇಟಿಲ್ಲವಲ್ಲೇ,
ಅನ್ನುತ್ತ, ಮೂರೇ ಬೆರಳಲ್ಲಿ ಹಿಡಿಕೆ ಹಿಡಿದು
ಸಿಲಿಂಡರನ್ನು ಮೆಟ್ಟಿಲಿಳಿಸಿದರು.
ಅದಕ್ಕೆ ಇವತ್ತು ಇಪ್ಪತ್ತಾರನೇ ದಿನ.